ಟಿಕೆಟ್ ನೋಡದೆ ಹಾರಾಟದ ಹೊತ್ತು: ನನ್ನ ಎಕ್ಸೆಲ್ ಹಾಳೆಯ ಅನುಭವ

ಗುಂಪು ಪ್ರವಾಸದ ಕೊಟೇಶನ್‌ಗೆ ಬೇಕಾದ ದೂರ, ಹೊತ್ತು ಎರಡನ್ನೂ ಎಕ್ಸೆಲ್‌ನಲ್ಲೇ ತೆಗೆಯಬಹುದು ಅಂದಾಗ ನಮ್ಮ ಟ್ರಾವೆಲ್ ಲೈನಿನವರು ನಕ್ಕಿದ್ದರು. ಈಗ ದೇಶದೊಳಗಿನ ರೂಟುಗಳಲ್ಲಿ ವೇಳಾಪಟ್ಟಿಗೂ ನನ್ನ ಲೆಕ್ಕಕ್ಕೂ ಹತ್ತು ನಿಮಿಷ ಆಚೀಚೆ, ಅಷ್ಟೇ. ಮೊದಲು ಒಂದು ಡೇಟಾ ಸೇವೆಗೆ ತಿಂಗಳಿಗೆ ಎರಡೂವರೆ ಸಾವಿರದ ಹಾಗೆ ಆರೇಳು ತಿಂಗಳು ದುಡ್ಡು ಸುರಿದದ್ದೂ ಆಯಿತು. ಅಲ್ಲಿ ಬರುತ್ತಿದ್ದುದೂ ಇದೇ ಲೆಕ್ಕ.

ದೂರಕ್ಕೆ ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಾಕಿ ಗೋಳದ ಮೇಲಿನ ದೂರ ತೆಗೆಯುವ ಕೊಸೈನ್ ಸೂತ್ರವೇ ಸಾಕು, ಭೂಮಿಯ ತ್ರಿಜ್ಯ 6371 ಕಿ.ಮೀ. ಡಿಗ್ರಿಯನ್ನು ಎಕ್ಸೆಲ್‌ಗೆ ಬೇಕಾದ ಕೋನದ ಅಳತೆಗೆ ಬದಲಿಸುವ ರೇಡಿಯನ್ಸ್ ಹಾಕಲು ಮರೆತರೆ ಉತ್ತರ ನೋಡಿದ ಕೂಡಲೇ ಗೊತ್ತಾಗುತ್ತದೆ. ಕೈ ಸುಟ್ಟದ್ದು ಗೊತ್ತಾಗದ ತಪ್ಪುಗಳು. ನನ್ನ ಲೆಕ್ಕಗಳೆಲ್ಲ ಶುರುವಾಗುವ ಬೆಂಗಳೂರು ವಿಮಾನ ನಿಲ್ದಾಣ, ಅಂದರೆ ದೇವನಹಳ್ಳಿಯ ರೇಖಾಂಶ 77 ಡಿಗ್ರಿ 42 ಮಿನಿಟು (60 ಮಿನಿಟಿಗೆ ಒಂದು ಡಿಗ್ರಿ). ಅದನ್ನು 77.42 ಎಂದು ಬರೆದೆ, ಬರೆಯಬೇಕಿದ್ದುದು 77.70. ನಿಲ್ದಾಣ ಮೂವತ್ತು ಕಿ.ಮೀ. ಪಶ್ಚಿಮಕ್ಕೆ ಸರಿಯಿತು, ಮಂಗಳೂರಿನ ದೂರ 306ರ ಬದಲು 275 ಬಂತು. ದೆಹಲಿ ನೇರ ಉತ್ತರಕ್ಕಿರುವುದರಿಂದ ಅಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. ಹಾಗಾಗಿ ಹಾಳೆಯನ್ನು ಒಂದು ದಕ್ಷಿಣೋತ್ತರ, ಒಂದು ಪೂರ್ವಪಶ್ಚಿಮ ರೂಟಿನಲ್ಲಿ ತಾಳೆ ನೋಡಿ. ಹಳೆಯ ಪಟ್ಟಿಗಳಲ್ಲಿ ಬೆಂಗಳೂರು ಎಂದರೆ ಇನ್ನೂ ಹಳೆಯ ಎಚ್‌ಎಎಲ್ ನಿಲ್ದಾಣ; 2008ರಲ್ಲಿ ಎಲ್ಲ ದೇವನಹಳ್ಳಿಗೆ ಹೋದದ್ದು ಅವಕ್ಕೆ ಗೊತ್ತಿಲ್ಲ. ಹೈದರಾಬಾದಿನ ಹಳೆಯ ನಿಲ್ದಾಣ ಬೇಗಂಪೇಟೆಯದೂ ಅದೇ ಕತೆ.

ಅಕ್ಷಾಂಶ, ರೇಖಾಂಶಗಳ ವ್ಯತ್ಯಾಸವನ್ನು ಡಿಗ್ರಿಗೆ 111 ಕಿ.ಮೀ. ಎಂದು ಸುಮ್ಮನೆ ಗುಣಿಸುವವರು ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಹಾಕಿ ನೋಡಲಿ. 22,000 ದಾಟುತ್ತದೆ. ಭೂಮಿಯ ಮೇಲೆ ಯಾವ ಎರಡು ಊರಿಗೂ 20,000ಕ್ಕಿಂತ ಹೆಚ್ಚು ದೂರವಿಲ್ಲ! ಸರಿಯಾದ ಉತ್ತರ 13,990ರ ಆಸುಪಾಸು.

ಹೊತ್ತು ತೆಗೆಯುವಾಗ ದೂರವನ್ನು ವೇಗದಿಂದ ಭಾಗಿಸಿ ಬಿಟ್ಟರೆ ಕೆಟ್ಟಿರಿ. ಟ್ಯಾಕ್ಸಿಯಿಂಗ್, ಏರುವುದು, ಇಳಿಯುವುದು ಸೇರಿ ಜೆಟ್‌ಗೆ 40 ನಿಮಿಷ ಪ್ರತ್ಯೇಕ. ವೇಗ ಗಂಟೆಗೆ 830 ಕಿ.ಮೀ. ದೆಹಲಿ 1,710 ಕಿ.ಮೀ., 2 ಗಂಟೆ 44 ನಿಮಿಷ. ಮಂಗಳೂರಿಗೆ ಗಾಳಿಯಲ್ಲಿ 22 ನಿಮಿಷದ ದಾರಿ, ಲೆಕ್ಕದಲ್ಲಿ ಒಂದು ಗಂಟೆ ಎರಡು ನಿಮಿಷ. ಹುಬ್ಬಳ್ಳಿಗೆ ಹೋಗುವ ಎಟಿಆರ್‌ಗೆ (ಸಣ್ಣ ಪ್ರೊಪೆಲ್ಲರ್ ವಿಮಾನ) ವೇಗ 500, ಜೊತೆಗೆ 30 ನಿಮಿಷ: ಸುಮಾರು ಒಂದೂಕಾಲು ಗಂಟೆ.

ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ, ಬರುವಾಗ ಹಿಂದಿನಿಂದ ನೂಕುವ ಗಾಳಿ. ದುಬೈ 2,700 ಕಿ.ಮೀ., ಹೋಗಲು ನಾಲ್ಕು ಗಂಟೆ, ಬರಲು ಅದಕ್ಕಿಂತ ಕಡಿಮೆ. ಚಳಿಗಾಲದಲ್ಲಿ ಈ ಅಂತರ ಹೆಚ್ಚು. ಹೋಗುವ ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆ ಎಂದೇ ಕಾಣುತ್ತದೆ. ಯಾಕೆಂದರೆ ಅಲ್ಲಿಯ ಗಡಿಯಾರ ಒಂದೂವರೆ ಗಂಟೆ ಹಿಂದೆ. ಸ್ಯಾನ್ ಫ್ರಾನ್ಸಿಸ್ಕೊಗೆ ವೇಗ 890 ಹಿಡಿದು ನನಗೆ ಬಂದದ್ದು ಹದಿನಾರೂವರೆ ಗಂಟೆ. 2021ರ ಜನವರಿಯಲ್ಲಿ ಅಲ್ಲಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂದ ಮೊದಲ ವಿಮಾನಕ್ಕೆ ಹಿಡಿದದ್ದು ಸುಮಾರು ಹದಿನೇಳು. ದೂರದ ರೂಟುಗಳಿಗೆ ಈಗ ಶೇಕಡಾ ನಾಲ್ಕು ಸೇರಿಸುತ್ತೇನೆ.

ಗೋವಾದಲ್ಲಿ ಎರಡು ವಿಮಾನ ನಿಲ್ದಾಣ, ಹಾಗಾಗಿ ಹಾಳೆಯಲ್ಲಿ ಅದಕ್ಕೆ ಎರಡು ಸಾಲು ಇಡಿ. ದಾಬೋಲಿಂ, ಮೋಪಾ ನಡುವೆ ಹಾರಾಟದಲ್ಲಿ ಒಂದೆರಡು ನಿಮಿಷದ ಫರಕು. ರೂಮು ದಕ್ಷಿಣದ ಮಡಗಾಂವ್‌ನಲ್ಲಿದ್ದು ಉತ್ತರದ ಮೋಪಾದಲ್ಲಿ ಇಳಿಸಿದಿರೋ, ವಿಮಾನದಲ್ಲಿ ಉಳಿದದ್ದೆಲ್ಲ ಬಸ್ಸಿನ ಡೀಸೆಲ್ಲಿಗೆ.