ಲೆವೆಲ್ ಪೈಪಿನಲ್ಲಿ ಕಾಲಿನ ಹೆಪ್ಪು: ನನ್ನ ಅನುಭವ

ಕಾಲಿನ ರಕ್ತನಾಳದಲ್ಲಿ ಕಟ್ಟಿದ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋಗುವುದನ್ನು ಪೈಪಿನಲ್ಲಿ ತೋರಿಸ್ತೀನಿ ಅಂದಾಗ ನಮ್ಮ ಸೀನಿಯರ್ ಸಿಸ್ಟರ್ ನಂಬಲಿಲ್ಲ. 'ಚಾರ್ಟ್ ಇದೆಯಲ್ಲ, ಸುಮ್ನೆ ದುಡ್ಡು ಯಾಕೆ ಕಳೀತೀಯ' ಅಂದರು. ಚಾರ್ಟ್ ನೋಡಿ ಯಾರೂ ಕಾಲು ತಿಕ್ಕುವುದನ್ನು ಬಿಟ್ಟಿರಲಿಲ್ಲ. ನಮ್ಮ ಕೊಡಗಿನ ತೋಟಗಳಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು ವಾರಗಟ್ಟಲೆ ಮಲಗಿರುತ್ತಾರೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೀನಖಂಡ ಊದಿದರೆ ಮನೆಯವರು ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಒಳಗೆ ಹೆಪ್ಪಿದ್ದರೆ ತಿಕ್ಕಿದಾಗ ಅದು ಕಿತ್ತುಕೊಂಡು ಹೊರಡಬಹುದು.

ಮೊದಲು ಕೈಕೊಟ್ಟಿದ್ದು ಪಂಪು. ರಕ್ತವನ್ನು ಮೇಲಕ್ಕೆ ತಳ್ಳುವ ಮೀನಖಂಡದ ಬದಲು ಹಳೇ ಬಿ.ಪಿ. ಮೆಷಿನ್ನಿನ ಬಲ್ಬ್ ಹಾಕಿದ್ದೆ, ನೀರು ಸೋರಿತು. ಆಮೇಲೆ ಸೀಮೆಎಣ್ಣೆ ಎಳೆಯುವ ಕೈಪಂಪು ತಂದೆ, 60-70 ರೂಪಾಯಿ. ಅದರೊಳಗೆ ಒಂದೇ ಕಡೆ ತೆರೆಯುವ ಕವಾಟವಿದೆ, ಕಾಲಿನ ರಕ್ತನಾಳದಲ್ಲಿ ಇರುವ ಹಾಗೆಯೇ. ಹೆಪ್ಪನ್ನು ಪಂಪಿನ ಮುಂದೆ, ಅಂದರೆ ನೀರು ಹೊರಬರುವ ಕಡೆ ಕೂರಿಸಿ. ಹಿಂದೆ ಕೂರಿಸಿದರೆ ಕವಾಟದಲ್ಲೇ ಸಿಕ್ಕಿಕೊಳ್ಳುತ್ತದೆ, ನನಗೆ ನಾಲ್ಕೈದು ಸಲ ಹಾಗಾಯಿತು.

ಪೈಪು ಗಾರೆ ಕೆಲಸದವರ ಲೆವೆಲ್ ಪೈಪೇ. ಮೀನಖಂಡಕ್ಕೆ ಸಣ್ಣದು, ತೊಡೆಗೆ ದಪ್ಪ, ಹೊಟ್ಟೆಗೆ ಇನ್ನೂ ದಪ್ಪ. ದಾರಿ ಅಗಲವಾಗುತ್ತಾ ಹೋಗುವುದರಿಂದಲೇ ಹೆಪ್ಪು ಎಲ್ಲೂ ನಿಲ್ಲದೆ ಹೃದಯದ ಬಲಭಾಗ ದಾಟುತ್ತದೆ. ಶ್ವಾಸಕೋಶದಲ್ಲಿ ಕವಲೊಡೆದು ಕಿರಿದಾಗುತ್ತದೆ ಅಲ್ವಾ, ಅಲ್ಲಿ ಸಿಕ್ಕಿಬೀಳುತ್ತದೆ. ಹೃದಯಕ್ಕೆ ಎರಡೂ ತುದಿಯನ್ನು ಪೈಪಿಗೆ ಕಟ್ಟಿದ ಬಲೂನು, ಕವಲುಗಳಿಗೆ ಡ್ರಿಪ್ ಸೆಟ್ಟಿನ ಟ್ಯೂಬು.

ಹೆಪ್ಪು ಮಾಡುವುದಕ್ಕೇ ಸುಮಾರು ಮೂರು ತಿಂಗಳು ಹಿಡಿಯಿತು. ಗಟ್ಟಿ ಮೊಸರು ಒಡೆದು ನೀರೆಲ್ಲ ಬೆಳ್ಳಗಾಯಿತು. ಕಡಂಬುಟ್ಟಿನ (ನಮ್ಮ ಕಡೆಯ ಅಕ್ಕಿತರಿ ಉಂಡೆ) ಚೂರು ತಳ ಹಿಡಿದು ಕೂತಿತು. ಬೀಟ್‌ರೂಟ್ ರಸದಲ್ಲಿ ಕುದಿಸಿದ, ಜೆಲ್ಲಿ ಮಾಡುವ ಚೈನಾ ಗ್ರಾಸ್ ಕೊನೆಗೆ ಕೈ ಹಿಡಿಯಿತು. ಅದು ಪೈಪಿಗೆ ಅಂಟಿದ್ದು, ಹಿಂಡಿದಾಗ ಬಿಡಬೇಕು. ಅದಕ್ಕೆ ಏನು ಬೆರೆಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಖರ್ಚು 1,500ರ ಹತ್ತಿರ, ಅದರಲ್ಲಿ ಅರ್ಧ ದುಡ್ಡು, ಹಾಳಾದ ಪೈಪಿಗೇ ಹೋಯಿತು.

ಒಂದು ದಿನ ಬೇಕಂತಲೇ ಉದ್ದದ ಹೆಪ್ಪು ಬಿಟ್ಟೆ. ಮೊದಲ ಕವಲಿನ ಮೇಲೇ ಎರಡೂ ಕಡೆ ಕಾಲು ಇಳಿಬಿಟ್ಟು ಕೂತಿತು. ಹಿಂದೆ ಬಲೂನು ಉಬ್ಬಿತು. ರೋಗಿಯ ಹೃದಯದ ಬಲಭಾಗ ಹಿಗ್ಗುವುದು ಹೀಗೇ. ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ್ದರೂ ನನ್ನ ಕಣ್ಣಿಗೆ ಕಂಡಿದ್ದು ಆವತ್ತೇ.

ಕಳೆದ ತಿಂಗಳು ಸೋಮವಾರಪೇಟೆ ಕಡೆಯ ತೋಟದ ಕೆಲಸದವರ ಲೈನ್ ಮನೆಗಳ ಹತ್ತಿರ ತೋರಿಸಿದೆ. ಒಬ್ಬ ಅಮ್ಮ ತಾವೇ ಪಂಪು ಹಿಂಡಿದರು. ಕೆಂಪು ಚೂರು ಕಿತ್ತುಕೊಂಡು ಹೋಗಿ ಸಿಕ್ಕಿಬಿದ್ದಿತು. 'ಮಗನ ಕಾಲು ದಿನಾ ತಿಕ್ತಾ ಇದ್ದೀನಲ್ಲ ಸಿಸ್ಟರ್' ಅಂದರು, ಕೈ ನಡುಗುತ್ತಿತ್ತು. ಹುಡುಗನನ್ನು ನಮ್ಮ ಜೀಪಿನಲ್ಲೇ ಕರೆದೊಯ್ದೆವು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ತೊಡೆಯವರೆಗೂ ಹೆಪ್ಪಿತ್ತು. ಸಂಜೆಯೊಳಗೆ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಔಷಧ ಶುರುವಾಯಿತು.