ಹೊಂಡದಿಂದ ಶುರು ಮಾಡಿದ ನನ್ನೂರಿನ ಚರಿತ್ರೆ

ನಮ್ಮ ಮನೆ ಇರುವುದು ಬಾದಾಮಿಯಲ್ಲಿ, ಜಂಬುಲಿಂಗ ಗುಡಿಯಿಂದ ಎರಡು ಓಣಿ ಆಚೆ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಪ್ರತಿ ವರ್ಷ ಪುಲಕೇಶಿಯ ಪಾಠ ಬರುತ್ತಿತ್ತು, ಮುಗಿಯುತ್ತಿತ್ತು. ಚಾಲುಕ್ಯರು ಇಲ್ಲಿಂದ ಆಳಿದ್ದು ಸುಮಾರು 200 ವರ್ಷ. ಅವರು ಹೋದ ಮೇಲೆ ಈ ಎರಡು ಗುಡ್ಡಗಳ ನಡುವೆ ಯಾರಿದ್ದರು? ನಮ್ಮ ಹಿರಿಯರು ಇಲ್ಲಿಗೆ ಯಾವಾಗ ಬಂದರು? ನಿವೃತ್ತಿಯಾದ ಮರುವಾರವೇ ಒಂದು ದಪ್ಪ ನೋಟ್‌ಬುಕ್ ತಂದು, ಇದನ್ನೆಲ್ಲ ಬರೆದಿಡಬೇಕು ಎಂದು ಕೂತೆ.

ಮೊದಲ ಎರಡು ತಿಂಗಳು ಬರೀ ರಾಜರ ಹೆಸರುಗಳನ್ನೇ ಬರೆದೆ. ಆಮೇಲೆ ಆ ಪುಟಗಳನ್ನು ಬದಿಗಿಟ್ಟೆ. ಊರು ಇಲ್ಲೇ ಯಾಕೆ ಕೂತಿತು ಅನ್ನುವುದಕ್ಕೆ ಅವು ಉತ್ತರ ಕೊಡುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಮಳೆಗಾಲದಲ್ಲಿ. ಒಂದು ದಿನ ಜೋರು ಮಳೆ ನಿಂತ ತಕ್ಷಣ ಕೊಡೆ ಹಿಡಿದು ಭೂತನಾಥ ಗುಡಿಯ ಕಡೆ ಹೋದೆ. ಅಕ್ಕ-ತಂಗಿ ದಬದಬೆ ಧುಮುಕುತ್ತಿತ್ತು. ಮೇಲಿನ ಬಂಡೆಗಲ್ಲಿನ ಬಯಲಿಗೆ ಬಿದ್ದ ನೀರೆಲ್ಲ ಹೀಗೆ ಇಳಿದು ಅಗಸ್ತ್ಯ ಹೊಂಡಕ್ಕೆ ಬರುತ್ತದೆ. ಉತ್ತರಕ್ಕೆ ಗುಡ್ಡ, ದಕ್ಷಿಣಕ್ಕೆ ಗುಡ್ಡ, ಪೂರ್ವಕ್ಕೂ ಬಂಡೆ. ಪಡುವಣ ಕಡೆ ಮಾತ್ರ ಬಾಯಿ ತೆರೆದಿದೆ. ಅಲ್ಲಿ ಒಡ್ಡು ಕಟ್ಟಿದರೆ ಹೊಂಡ ಆಯಿತು, ಒಡ್ಡಿನ ಕೆಳಗೆ ಮನೆ ಕಟ್ಟಿದರೆ ಊರು ಆಯಿತು. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಇಲ್ಲಿ ನೀರು ತಾನಾಗಿ ಬಂದು ನಿಲ್ಲುವ ಜಾಗ, ಮೂರು ಕಡೆ ಕಾವಲಿಗೆ ಕಲ್ಲು, ಇನ್ನೇನು ಬೇಕು ಅಲ್ವಾ? ಅವತ್ತು ರಾತ್ರಿ ಮೊದಲ ಪುಟ ಹೊಸದಾಗಿ ಬರೆದೆ. ಅದರಲ್ಲಿ ಯಾವ ರಾಜನೂ ಇಲ್ಲ.

ಸಿಡ್ಲಫಡಿಗೂ ನಡೆದು ಹೋಗಿ ಬಂದೆ. ಕುರುಚಲು ಕಾಡಿನ ನಡುವೆ ದೊಡ್ಡ ಕಲ್ಲಾಸರೆ, ಅದರಲ್ಲಿ ಆದಿಮಾನವರು ಬಣ್ಣದಲ್ಲಿ ಬರೆದ ಚಿತ್ರಗಳು. ಚಾಲುಕ್ಯರಿಗೆ ಮೊದಲೂ ಈ ಬಂಡೆಗಳ ನೆರಳಿನಲ್ಲಿ ಜನ ಇದ್ದರು ಎನ್ನುವುದಕ್ಕೆ ಅದೇ ಸಾಕ್ಷಿ.

ಆಮೇಲೆ ಶಾಸನ. ಕಲ್ಲಿನ ಮೇಲೆ ಇರುವುದು ಶಕ ವರ್ಷ. ಅದಕ್ಕೆ 78 ಕೂಡಿಸಿದರೆ ಇಸವಿ. ಮೊದಲಿಗೆ ನಾನು ಎರಡನ್ನೂ ಕಲಸಿ ಬರೆದು, ಒಂದು ಇಡೀ ಪಟ್ಟಿಯನ್ನು ಮತ್ತೆ ಬರೆಯಬೇಕಾಯಿತು. ಉತ್ತರದ ಗುಡ್ಡದ ಬಂಡೆಯ ಮೇಲೆ ಒಂದನೇ ಪುಲಕೇಶಿಯ ಬರಹ ಇದೆ, ಶಕ 465, ಅಂದರೆ 543. ವಾತಾಪಿಯ, ಅಂದರೆ ಅಂದಿನ ಬಾದಾಮಿಯ, ಗುಡ್ಡಕ್ಕೆ ಕೋಟೆ ಕಟ್ಟಿಸಿದ ವಿಷಯ ಅದು. ಮೂರನೇ ಗವಿಯಲ್ಲಿ ಅವನ ಮಗ ಮಂಗಳೇಶನ ಬರಹ, ಶಕ 500, ಅಂದರೆ 578. ನಮ್ಮ ಮನೆ ಹತ್ತಿರದ ಜಂಬುಲಿಂಗ ಗುಡಿಯದು 699. ಅದನ್ನು ಕಟ್ಟಿಸಿದವಳು ಚಾಲುಕ್ಯ ದೊರೆ ವಿಜಯಾದಿತ್ಯನ ತಾಯಿ ವಿನಯವತಿ. ಚಿಕ್ಕಂದಿನಿಂದ ಆ ಗುಡಿಯ ಮುಂದೆ ಆಡಿದವನು ನಾನು, ಒಬ್ಬ ತಾಯಿ ಕಟ್ಟಿಸಿದ್ದು ಎಂದು ಗೊತ್ತಾಗಿದ್ದು ಅರವತ್ತು ದಾಟಿದ ಮೇಲೆ.

ಕಪ್ಪೆ ಅರಭಟ್ಟನ ಶಾಸನದ ಮುಂದೆ ನಾನು ಜಾಸ್ತಿ ಹೊತ್ತು ನಿಂತಿದ್ದೇನೆ. ಸುಮಾರು 700ರದ್ದು, ಹೊಂಡದ ಈಶಾನ್ಯಕ್ಕೆ ಬಂಡೆಯ ಮೇಲಿದೆ. ಅರಭಟ್ಟ ರಾಜನಲ್ಲ. ಆದರೂ ‘ಸಾಧುಗೆ ಸಾಧು’ ಎಂದು ಅವನನ್ನು ತ್ರಿಪದಿಯಲ್ಲಿ ಹೊಗಳಿದ್ದಾರೆ. ನಮ್ಮ ಅವ್ವ ಬೀಸುವಾಗ ಹಾಡುತ್ತಿದ್ದದ್ದೂ ತ್ರಿಪದಿಯೇ.

ಗೋಡೆಗಳನ್ನು ಓದುವುದು ನಿಧಾನದ ಕೆಲಸ. ಉತ್ತರಕ್ಕೆ ಬಾವನ ಬಂಡೆ ಕೋಟೆ, ದಕ್ಷಿಣಕ್ಕೆ ರಣಮಂಡಲ ಕೋಟೆ. ಊರು ಎಷ್ಟು ಕೈ ದಾಟಿದೆ ನೋಡಿ: 642ರಲ್ಲಿ ಪಲ್ಲವರ ನರಸಿಂಹವರ್ಮ ಗೆದ್ದ, 655ರ ಹೊತ್ತಿಗೆ ಒಂದನೇ ವಿಕ್ರಮಾದಿತ್ಯ ವಾಪಸ್ ಪಡೆದ. ಮುಂದೆ ರಾಷ್ಟ್ರಕೂಟರು, ವಿಜಯನಗರ, ಬಿಜಾಪುರದ ಆದಿಲ್‌ಶಾಹಿಗಳು, ಮರಾಠರು. 1786ರಲ್ಲಿ ಟಿಪ್ಪುವಿನ ಸೈನ್ಯದಿಂದ ಮರಾಠರು ಮತ್ತು ನಿಜಾಮರು ಕಿತ್ತುಕೊಂಡರು, 1818ರಲ್ಲಿ ಇಂಗ್ಲಿಷರ ಮನ್ರೋ ಬಂದ. 1841ರಲ್ಲಿ ಕಣ್ಣು ಕಾಣದ ನರಸಿಂಗರಾಯ ಬಂಡೆದ್ದು ಊರನ್ನು ಹಿಡಿದುಕೊಂಡಿದ್ದ. ಇಷ್ಟು ಜನ ಕಟ್ಟಿದ, ತಿದ್ದಿದ ಗೋಡೆಯಲ್ಲಿ ಯಾವುದು ಯಾರದು? ನಾನು ಹಿಡಿದ ದಾರಿ ಸರಳ. ಬಂದೂಕಿನ ಕಿಂಡಿ, ತೋಪಿನ ಕಟ್ಟೆ ಕಂಡರೆ ಅದು ಮದ್ದುಗುಂಡು ಬಂದ ಮೇಲಿನದು. ಅಷ್ಟನ್ನೇ ಖಾತ್ರಿಯಾಗಿ ಬರೆಯುತ್ತೇನೆ, ಉಳಿದದ್ದಕ್ಕೆ ಪೆನ್ಸಿಲ್ ಗುರುತು.

ಕಾಗದ ಪತ್ರಗಳಿಗೆ ನೆಂಟರ ಮನೆಗಳ ಟ್ರಂಕು ತೆಗೆಸಿದೆ. ಒಂದು ಹಳೆಯ ಖರೀದಿ ಪತ್ರದಲ್ಲಿ ‘ಕಲಾದಗಿ ಜಿಲ್ಲೆ’ ಎಂದಿತ್ತು. ಇದು ನಮ್ಮ ಊರಿನದಲ್ಲ ಎಂದು ಮಡಚಿ ಇಟ್ಟುಬಿಟ್ಟೆ. ವಾರದ ಮೇಲೆ ತಿಳಿಯಿತು, ಜಿಲ್ಲಾ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಹೋಗುವ ಮೊದಲು ನಾವೆಲ್ಲ ಕಲಾದಗಿ ಜಿಲ್ಲೆಯವರೇ. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಹಾಗಾಗಿ ಒಂದೇ ಹೊಲದ ಪತ್ರದಲ್ಲಿ ಮೂರು ಜಿಲ್ಲೆಗಳ ಹೆಸರು ಸಿಗಬಹುದು. ಈ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ತಿಳಿದಿರಲಿ. ಕೆಲವು ಪತ್ರ ಮೋಡಿಯಲ್ಲಿದ್ದವು, ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿ ಅದು. ಬೆಳಗಾವಿಯಲ್ಲಿ ಮೋಡಿ ಓದಬಲ್ಲ ಹಿರಿಯರೊಬ್ಬರು ಇದ್ದರು. ಮೂರು ಸಲ ಬಸ್ ಹತ್ತಿ ಹೋದೆ. ಅವರು ಓದುತ್ತಾ ಹೋದಂತೆ ನಾನು ಬರೆದುಕೊಂಡೆ.

ಆದರೆ ಮನೆತನಗಳ ವಿಷಯ ತಿಳಿಸಿದವರು ಹೆಳವರು. ನಮ್ಮ ಕಡೆ ಸುಗ್ಗಿ ಆದ ಮೇಲೆ ಬರುತ್ತಾರೆ, ಒಂದೊಂದು ಮನೆತನಕ್ಕೂ ಅವರದೇ ಹೆಳವರು. ವಂಶದ ಹೆಸರೆಲ್ಲ ಅವರ ಪುಸ್ತಕದಲ್ಲಿ ಇರುತ್ತದೆ. ನಮ್ಮ ಮನೆಗೆ ನಾಲ್ಕು ವರ್ಷದ ಮೇಲೆ ಬಂದಿದ್ದರು. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದೆ. ಹೆಳವ ಕಾಕಾ ಪುಟ ತಿರುವಿ ಹೇಳಿದರು: “ನಿಮ್ಮ ಮಂದಿ ಮೂಲ ಇಲ್ಲಿಯವರಲ್ರೀ ಸರ. ಗುಳೇದಗುಡ್ಡದಾಗ ಮಗ್ಗ ಇತ್ತು. ಬರ ಬಿದ್ದಾಗ ಇಲ್ಲಿಗೆ ಬಂದರು.”

ನಮ್ಮ ಅವ್ವ ಬಾಗಿಲಲ್ಲಿ ನಿಂತಿದ್ದಳು. “ಅದಕ್ಕ ಏನೋ, ನಮ್ಮತ್ತಿ ಗುಳೇದಗುಡ್ಡದ ಖಣ ಬಿಟ್ಟು ಬ್ಯಾರೆ ಕುಬಸ ತೊಡತಿರಲಿಲ್ಲ” ಅಂದಳು.

ಅಜ್ಜಿಯ ಕುಬುಸವೂ ಹೆಳವರ ಪುಸ್ತಕವೂ ಒಂದೇ ಮಾತು ಹೇಳಿದ್ದವು. ಹೆಳವರು ಹೇಳಿದ್ದನ್ನು ನಾನು ಹಾಗೇ ಒಪ್ಪುವುದಿಲ್ಲ. ಹೊಲಮನೆಯ ದಾಖಲೆಯಾದ ಉತಾರದಲ್ಲೋ, ಮನೆಯವರ ನೆನಪಿನಲ್ಲೋ ಇನ್ನೊಂದು ಗುರುತು ಸಿಗಬೇಕು. ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ಏಳಕ್ಕೆ ಹೀಗೆ ಎರಡು ಗುರುತು ಸಿಕ್ಕಿವೆ. ಏಳೂ ಮನೆಯವರು ಹೊರಗಿನಿಂದ ಬಂದವರೇ. ಬರದಿಂದಾಗಿ ಬಂದವರು ಇದ್ದಾರೆ, ಮದುವೆಯಿಂದಾಗಿ ಬಂದವರು ಇದ್ದಾರೆ. ಒಂದು ಮನೆತನದ ಹಿರಿಯರು ಸ್ಟೇಷನ್‌ನಿಂದ ಊರಿಗೆ ಟಾಂಗಾ ಹೊಡೆಯಲು ಬಂದು ನಿಂತವರು. ರೈಲ್ವೆ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ ದೂರ, ಟಾಂಗಾದವರಿಗೆ ಆಗ ಒಳ್ಳೆ ದುಡಿಮೆ ಇತ್ತು.

ಪುರಾಣದ ರಾಕ್ಷಸ ಅಣ್ಣತಮ್ಮಂದಿರಾದ ವಾತಾಪಿ-ಇಲ್ವಲರ ಕತೆಗೆ ಬೇರೆಯೇ ನೋಟ್‌ಬುಕ್ ಇಟ್ಟಿದ್ದೇನೆ. ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಅಜ್ಜಿಯರು ಎರಡು ಗುಡ್ಡಗಳನ್ನೂ ತೋರಿಸಿ, ಇವನು ವಾತಾಪಿ, ಅವನು ಇಲ್ವಲ ಅನ್ನುತ್ತಾರೆ. ಅವರು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೇನೆ. ಇಸವಿಗಳ ಜೊತೆ ಅದನ್ನು ಬೆರೆಸುವುದಿಲ್ಲ.

ಉಳಿದ ನಾಲ್ಕು ಮನೆಯವರು ಈಗ ಪುಣೆ, ಸೋಲಾಪುರದ ಕಡೆ ಇದ್ದಾರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬಂದೇ ಬರುತ್ತಾರೆ. ತೇರು ಎಳೆದ ಮರುದಿನ ಊಟಕ್ಕೆ ಬರಲು ಹೇಳಿದ್ದೇನೆ. ಮನೆಯಲ್ಲಿ ಹಳೆಯ ಪತ್ರ ಇದ್ದರೆ ಹರಕು ಮುರುಕಾದರೂ ಸರಿ, ಜೊತೆಗೆ ತನ್ನಿ ಎಂದೂ ಹೇಳಿದ್ದೇನೆ.