ಕನ್ಸೋಲ್ ಕೇಬಲ್ ಮೂಲಕ ಸಿಸ್ಕೊ ಏರೋನೆಟ್‌ಗೆ ಐಪಿ ವಿಳಾಸ ನೀಡುವ ಕ್ರಮ

ಕೇಂದ್ರ ನಿಯಂತ್ರಣ ಸಾಧನವಾದ ಕಂಟ್ರೋಲರ್ ಇಲ್ಲದೆ ಸ್ವತಂತ್ರವಾಗಿ ನಡೆಯುವ, ವೈ-ಫೈ ಸಂಪರ್ಕ ಕೊಡುವ ಸಿಸ್ಕೊ ಏರೋನೆಟ್ ಆಕ್ಸೆಸ್ ಪಾಯಿಂಟ್‌ಗೆ ನೆಟ್‌ವರ್ಕ್‌ನಿಂದ ಐಪಿ ವಿಳಾಸ ದೊರೆಯದಿದ್ದಾಗ, ಕನ್ಸೋಲ್ ಕೇಬಲಿನ ಆರ್‌ಜೆ-45 ತುದಿಯನ್ನು ಅದರ ಕನ್ಸೋಲ್ ಪೋರ್ಟಿಗೂ ಇನ್ನೊಂದು ತುದಿಯನ್ನು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪಿಗೂ ಜೋಡಿಸಬೇಕು. ಈಥರ್ನೆಟ್ ಪೋರ್ಟಿನ ಆಕಾರವೂ ಅದೇ ಆಗಿರುವುದರಿಂದ, ಪೋರ್ಟಿನ ಬಳಿಯ ಬರಹವನ್ನು ಓದಿಕೊಂಡೇ ಜೋಡಿಸಿ.

ಸಾಧನಕ್ಕೆ ಆದೇಶಗಳನ್ನು ಟೈಪಿಸಲು ಬಳಸುವ ಪುಟ್ಟಿ ತಂತ್ರಾಂಶದಲ್ಲಿ ಸೀರಿಯಲ್ ಆಯ್ದು ವೇಗ 9600, ಡೇಟಾ ಬಿಟ್ 8, ಸ್ಟಾಪ್ ಬಿಟ್ 1 ಎಂದು ನಮೂದಿಸಿ, ಪ್ಯಾರಿಟಿ ಹಾಗೂ ಫ್ಲೋ ಕಂಟ್ರೋಲ್ ಎರಡನ್ನೂ ತೆಗೆದುಹಾಕಿ. ವೇಗ ಹೊಂದದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಕೇಬಲನ್ನು ಶಂಕಿಸುವ ಮೊದಲು ಇದನ್ನೇ ಪರೀಕ್ಷಿಸುವುದು ಒಳಿತು.

ಎನೇಬಲ್, ಬಳಿಕ ಕಾನ್ಫಿಗರ್ ಟರ್ಮಿನಲ್ ಆದೇಶ ಕೊಟ್ಟು, ಸಾಧನದ ಐಪಿ ವಿಳಾಸವನ್ನು ಹೊಂದುವ ಬಿವಿಐ 1 ಎಂಬ ಇಂಟರ್‌ಫೇಸಿನಲ್ಲಿ ಐಪಿ ವಿಳಾಸವನ್ನೂ ಸಬ್‌ನೆಟ್ ಮಾಸ್ಕನ್ನೂ ಬರೆಯಿರಿ. ಕಾರ್ಖಾನೆಯ ಪಾಸ್‌ವರ್ಡನ್ನು ಆಗಲೇ ಬದಲಿಸಿ, ರೈಟ್ ಮೆಮೊರಿ ಆದೇಶದಿಂದ ಉಳಿಸಿ. ಉಳಿಸದಿದ್ದರೆ ವಿದ್ಯುತ್ ಹೋದೊಡನೆ ಈ ಬದಲಾವಣೆಗಳೆಲ್ಲ ಅಳಿಸಿಹೋಗುತ್ತವೆ.